ಒಬ್ಬರ ಚೇಸಿಸ್, ಇನ್ನೊಬ್ಬರ ಎಂಜಿನ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ 500 ಸಿಸಿಯ ಪುಟ್ಟ ರೇಸ್ ಕಾರುಗಳ ಹುಚ್ಚು ಹತ್ತಿತು. ಆ ಕಾರು ಕಟ್ಟುವವರ ಕಣ್ಣೆಲ್ಲ ನಾರ್ಟನ್ ಮ್ಯಾಂಕ್ಸ್ ಎಂಬ ರೇಸ್ ಬೈಕಿನ ಎಂಜಿನ್ ಮೇಲೆ. ನಾರ್ಟನ್ ಕಂಪನಿ ಎಂಜಿನ್ನನ್ನು ಬಿಡಿಯಾಗಿ ಮಾರಲು ಒಪ್ಪಲಿಲ್ಲ. ಬೇಕಿದ್ದವರು ಇಡೀ ಬೈಕನ್ನೇ ಕೊಳ್ಳಬೇಕಾಯಿತು. ಕೊಂಡರು, ಎಂಜಿನ್ ಇಳಿಸಿ ಕಾರಿಗೆ ಹಾಕಿಕೊಂಡರು, ಉಳಿದದ್ದನ್ನು ಮೂಲೆಗೆ ತಳ್ಳಿದರು. ಚಕ್ರ, ಬ್ರೇಕು, ಫೋರ್ಕು ಎಲ್ಲ ನೆಟ್ಟಗಿದ್ದು ಎಂಜಿನ್ ಮಾತ್ರ ಇಲ್ಲದ ಆ ಬೈಕುಗಳು ಬಂದಷ್ಟಕ್ಕೆ ಮಾರಾಟವಾಗತೊಡಗಿದವು. ಇಂದು ಲಕ್ಷಗಟ್ಟಲೆ ಸುರಿದು ಕಟ್ಟಿಸುವ ಕೆಫೆ ರೇಸರ್‌ಗಳ ವಂಶಾವಳಿ ಕೆದಕುತ್ತ ಹೋದರೆ ಒಂದು ಬೇರು ಈ ಮೂಲೆಯ ಗುಜರಿಗೇ ಹೋಗಿ ಮುಟ್ಟುತ್ತದೆ.

ಮೂಲೆ ಸೇರಿದ್ದು ಸಾಮಾನ್ಯ ಚೇಸಿಸ್ ಆಗಿರಲಿಲ್ಲ. ಬೆಲ್‌ಫಾಸ್ಟ್‌ನ ರೆಕ್ಸ್ ಮತ್ತು ಕ್ರೋಮಿ ಮೆಕ್‌ಕ್ಯಾಂಡ್ಲೆಸ್ ಸಹೋದರರು ರೂಪಿಸಿದ ‘ಫೆದರ್‌ಬೆಡ್’ ಚೌಕಟ್ಟು 1950ರಲ್ಲಿ ರೇಸಿಗಿಳಿದ ವರ್ಷವೇ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ಗೆದ್ದಿದ್ದ. ಎಂಜಿನ್ನನ್ನು ಎರಡೂ ಬದಿಯಿಂದ ಬಳಸಿ ಬರುವ ಜೋಡಿ ಕೊಳವೆಗಳು, ಎಲ್ಲ ಸಂದುಗಳಿಗೂ ವೆಲ್ಡಿಂಗ್, ಹಿಂದೆ ಸ್ವಿಂಗ್ ಆರ್ಮ್. ತಿರುವಿನಲ್ಲಿ ಎಷ್ಟು ಬಾಗಿದರೂ ಬೈಕು ನಡು ತಿರುಚಿಕೊಳ್ಳುತ್ತಿರಲಿಲ್ಲ. ಅತ್ತ ಟ್ರಯಂಫ್ ಕಂಪನಿಯ ಕಥೆ ತಿರುಗುಮುರುಗು. ಎಡ್ವರ್ಡ್ ಟರ್ನರ್ 1937ರ ಸ್ಪೀಡ್ ಟ್ವಿನ್‌ಗೆ ಮಾಡಿದ ಜೋಡಿ ಸಿಲಿಂಡರ್ ಎಂಜಿನ್ ಹಗುರ, ಚುರುಕು, ಬಿಡಿಭಾಗಗಳಿಗೂ ಬರವಿರಲಿಲ್ಲ. 1959ರಲ್ಲಿ ಅದೇ ಕುಲದ 650 ಸಿಸಿಯ ಬಾನವಿಲ್ ಬಂತು. ಆದರೆ ವೇಗ ಏರಿದಾಗ ಟ್ರಯಂಫ್‌ನ ಚೇಸಿಸ್ ನಂಬುವಂತಿರಲಿಲ್ಲ. ಎರಡನ್ನೂ ಸೇರಿಸಿಬಿಟ್ಟರೆ? ಸೇರಿಸಿದರು. ಆ ಕೂಡಿಕೆಗೆ ಟ್ರೈಟನ್ ಎಂಬ ಹೆಸರು ನಿಂತಿತು.

ಇದು ನಾಲ್ಕು ಬೋಲ್ಟ್ ಬಿಗಿದು ಮುಗಿಸುವ ಕೆಲಸವಲ್ಲ. ಒಂದು ಕಂಪನಿಯ ಎಂಜಿನ್ ಇನ್ನೊಂದರ ಕೊಳವೆಗಳ ನಡುವೆ ಕೂರಬೇಕಾದರೆ ದಪ್ಪ ಅಲ್ಯೂಮಿನಿಯಂ ಹಲಗೆಯನ್ನು ಅಳತೆಗೆ ಕತ್ತರಿಸಿ, ತೂತು ಕೊರೆದು, ನಡುವೆ ಹಿಡಿಕೆಯಾಗಿ ಕೊಡಬೇಕು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರದ ಹಲ್ಲುಚಕ್ರಗಳು ಒಂದೇ ಗೆರೆಗೆ ಬಾರದಿದ್ದರೆ ಚೈನು ತಿಂದುಕೊಂಡು ಹೋಗುತ್ತದೆ. ಎಂಜಿನ್ ಎಷ್ಟು ಮುಂದೆ ಕೂತಿದೆ, ಎಷ್ಟು ಕೆಳಗಿದೆ ಎಂಬುದರ ಮೇಲೆ ಮುಂಚಕ್ರದ ಹಿಡಿತ ನಿಂತಿದೆ. ಈ ಲೆಕ್ಕ ಬಲ್ಲವರಲ್ಲಿ ಲಂಡನ್ನಿನ ಡೇವ್ ಡೀಗೆನ್ಸ್ ಮೊದಲ ಸಾಲಿನವನು. ಡ್ರೆಸ್ಡಾ ಹೆಸರಿನಲ್ಲಿ ಟ್ರೈಟನ್ ಕಟ್ಟಿ ಮಾರುತ್ತಿದ್ದ ಆತ 1965ರಲ್ಲಿ ಬಾರ್ಸಿಲೋನಾದ 24 ಗಂಟೆಗಳ ರೇಸನ್ನು ತನ್ನದೇ ಟ್ರೈಟನ್ ಮೇಲೆ ಗೆದ್ದ. ಗ್ಯಾರೇಜಿನ ಕೂಡಿಕೆಯೊಂದು ಇಡೀ ಹಗಲು, ಇಡೀ ರಾತ್ರಿ ಓಡಿ ಗೆದ್ದಿತೆಂದರೆ ಅದನ್ನು ಷೋಕಿಯ ಬೈಕು ಎಂದು ತಳ್ಳಿಹಾಕುವ ಹಾಗಿಲ್ಲ.

ಷೋಕಿಯೂ ಇತ್ತೆನ್ನಿ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಪಕ್ಕದಲ್ಲಿ 1938ರಲ್ಲಿ ಶುರುವಾದ ಏಸ್ ಕೆಫೆ, ಲಾರಿ ಚಾಲಕರಿಗೆ ಹಗಲಿರುಳು ಚಹಾ ತಿಂಡಿ ಕೊಡುವ ಜಾಗ. ಯುದ್ಧದಲ್ಲಿ ಬಾಂಬಿಗೆ ಸಿಕ್ಕು ಹಾಳಾಗಿ, 1949ರಲ್ಲಿ ಮತ್ತೆ ಎದ್ದು ನಿಂತಿತು. ಕೈಯಲ್ಲಿ ಸಂಬಳ, ಎದುರಿಗೆ ಒಳ್ಳೆಯ ರಸ್ತೆ, ರಾತ್ರಿ ತೆರೆದಿರುವ ಹೋಟೆಲು: ಕಾರ್ಮಿಕ ಮನೆಗಳ ಹುಡುಗರಿಗೆ ಇನ್ನೇನು ಬೇಕು? ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ಮುಟ್ಟುವುದು ಅವರ ಪಾಲಿನ ಪರೀಕ್ಷೆ. ‘ಟನ್’ ಮುಟ್ಟಿದವನಿಗೆ ಮರ್ಯಾದೆ. ಜೂಕ್‌ಬಾಕ್ಸಿನಲ್ಲಿ ಹಾಡು ಹಾಕಿ, ಅದು ಮುಗಿಯುವುದರೊಳಗೆ ಒಂದು ಸುತ್ತು ಹೊಡೆದು ಬರುವ ಪಂದ್ಯದ ಕಥೆ ಇಂದಿಗೂ ಓಡಾಡುತ್ತದೆ. ಅದರಲ್ಲಿ ನಿಜವೆಷ್ಟು, ಮಸಾಲೆ ಎಷ್ಟು ಎಂದು ಬೇರ್ಪಡಿಸಲು ಹೋಗುವುದು ವ್ಯರ್ಥ.

ಕೆಫೆ ರೇಸರ್ ಎಂಬ ಬೈಕಿನ ಆಕಾರ ಹುಟ್ಟಿದ್ದು ಈ ಓಟದಿಂದಲೇ. ಎತ್ತರದ ಹ್ಯಾಂಡಲ್ ಕಿತ್ತು ಫೋರ್ಕಿಗೇ ಕಚ್ಚಿಸುವ ಕ್ಲಿಪ್ ಆನ್ ಹಾಕಿದರೆ ಸವಾರ ಟ್ಯಾಂಕಿನ ಮೇಲೆ ಮಲಗಿ ಗಾಳಿಯನ್ನು ಸೀಳಬಹುದು. ಹಾಗೆ ಮಲಗಿದವನಿಗೆ ಫುಟ್‌ರೆಸ್ಟ್ ಹಿಂದೆ ಸರಿಯಬೇಕು. ಹಿಂದೆ ಸರಿದ ಸವಾರ ಜಾರದಂತೆ ಸೀಟಿನ ತುದಿಯಲ್ಲಿ ಒಂದು ಉಬ್ಬು ಬೇಕು. ಭಾರ ಇಳಿಸಲು ಮಡ್‌ಗಾರ್ಡ್ ಮೋಟಾಯಿತು, ಟ್ಯಾಂಕು ಅಲ್ಯೂಮಿನಿಯಂದಾಯಿತು. ಒಂದು ಬದಲಾವಣೆ ಇನ್ನೊಂದನ್ನು ಎಳೆದುಕೊಂಡು ಬಂತು. ಇಂದು ಫೋಟೊ ನೋಡಿ ಉಬ್ಬು ಸೀಟು ಹಾಕಿಸಿ, ಹ್ಯಾಂಡಲ್ ಮಾತ್ರ ಹಾಗೇ ಬಿಡುವವರು ಈ ಸರಪಳಿಯ ಒಂದು ಕೊಂಡಿಯನ್ನಷ್ಟೇ ಹಿಡಿದಿರುತ್ತಾರೆ.

ರಸ್ತೆಯಲ್ಲಿ ಸಾವುಗಳೂ ಆದವು, ಪತ್ರಿಕೆಗಳು ಈ ಹುಡುಗರನ್ನು ರೌಡಿಗಳೆಂದು ಬರೆದವು. 1964ರಲ್ಲಿ ಬ್ರೈಟನ್, ಮಾರ್ಗೇಟ್ ಮುಂತಾದ ಕಡಲತೀರದ ಊರುಗಳಲ್ಲಿ ಸ್ಕೂಟರ್ ಸವಾರರಾದ ಮಾಡ್‌ಗಳಿಗೂ ರಾಕರ್‌ಗಳೆನಿಸಿಕೊಂಡ ಈ ಚರ್ಮದ ಕೋಟಿನ ಹುಡುಗರಿಗೂ ಬಡಿದಾಟ ನಡೆದ ಮೇಲೆ ಕೇಳುವುದೇ ಬೇಡ. ರಾಕರ್‌ಗಳನ್ನು ಹತ್ತಿರ ಕರೆದವರಲ್ಲಿ ಒಬ್ಬ ಪಾದ್ರಿ ಇದ್ದದ್ದು ವಿಶೇಷ: ಫಾದರ್ ಬಿಲ್ ಶೆರ್ಗೋಲ್ಡ್. ಸ್ವತಃ ಬೈಕ್ ಸವಾರನಾದ ಆತ 1962ರಲ್ಲಿ ಏಸ್ ಕೆಫೆಗೇ ಹೋಗಿ ಹುಡುಗರನ್ನು ಚರ್ಚಿಗೆ ಆಹ್ವಾನಿಸಿದ. ಆ ಚರ್ಚಿಗೆ ಸೇರಿದ, ಲಂಡನ್ನಿನ ಹ್ಯಾಕ್ನಿ ವಿಕ್‌ನ ‘59 ಕ್ಲಬ್’ ಮುಂದೆ ಸಾವಿರಾರು ಬೈಕ್ ಸವಾರರ ಸಂಘವಾಗಿ ಬೆಳೆಯಿತು.

ಗ್ಯಾರೇಜಿನ ಕಸುಬು ಕೈಗಾರಿಕೆಯಾಗಲು ತಡವಾಗಲಿಲ್ಲ. ಪಾಲ್ ಡನ್‌ಸ್ಟಾಲ್ ನಾರ್ಟನ್ ಡಾಮಿನೇಟರ್‌ಗೆ ಸೈಲೆನ್ಸರ್, ಫೇರಿಂಗ್, ಸೀಟು ಮಾಡಿ ಮಾರಿದ. ಡೆರೆಕ್ ಮತ್ತು ಡಾನ್ ರಿಕ್‌ಮನ್ ಸಹೋದರರ ನಿಕಲ್ ಲೇಪದ ಮೆಟೀಸ್ ಚೇಸಿಸ್‌ಗಳು ಹೊಳೆಯುತ್ತ ಬಂದವು. ಇವರನ್ನು ನೋಡುತ್ತಿದ್ದ ರಾಯಲ್ ಎನ್‌ಫೀಲ್ಡ್ ಒಂದು ಜಾಣ ಲೆಕ್ಕ ಹಾಕಿತು. 1961ರಿಂದ ಬ್ರಿಟನ್ನಿನಲ್ಲಿ ಹೊಸದಾಗಿ ಕಲಿಯುವವರು 250 ಸಿಸಿಗಿಂತ ದೊಡ್ಡ ಬೈಕು ಓಡಿಸುವಂತಿರಲಿಲ್ಲ. ಹಾಗಾದರೆ ಅವರಿಗೆ 250 ಸಿಸಿಯಲ್ಲೇ ಕೆಫೆ ರೇಸರ್ ಕೊಟ್ಟರಾಯಿತು! 1964ರ ಕೊನೆಗೆ ಬಂದ ಕಾಂಟಿನೆಂಟಲ್ ಜಿಟಿಗೆ ಕ್ಲಿಪ್ ಆನ್, ಉದ್ದನೆಯ ಕೆಂಪು ಟ್ಯಾಂಕು, ಐದು ಗೇರು ಎಲ್ಲವೂ ಕಾರ್ಖಾನೆಯಿಂದಲೇ. ಸವಾರರು ಸರದಿಯಲ್ಲಿ ಕೂತು ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅದನ್ನು 24 ಗಂಟೆಯೊಳಗೆ ಓಡಿಸಿ ತೋರಿಸಿದರು.

ಆ ಹೊತ್ತಿಗೆ ಕಾಲ ಸರಿದಿತ್ತು. 1965ರ ಡಿಸೆಂಬರಿನಲ್ಲಿ ಹೆದ್ದಾರಿಗಳಿಗೆ 70 ಮೈಲಿಯ ಮಿತಿ ಬಿತ್ತು. ಅಗ್ಗದ ಪುಟ್ಟ ಕಾರುಗಳು ಸಂಸಾರಸ್ಥರಾದ ಹುಡುಗರನ್ನು ಸೆಳೆದವು. 1969ರಲ್ಲಿ ಏಸ್ ಕೆಫೆ ಬಾಗಿಲು ಹಾಕಿತು. ಜಾಗ ಟಯರ್ ಅಂಗಡಿಯಾಯಿತು. ಅದೇ ವರ್ಷ ಬಂದ ಹೋಂಡಾ ಸಿಬಿ750, ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕು, ಗುಂಡಿ ಒತ್ತಿದರೆ ಸ್ಟಾರ್ಟು. ಷೋರೂಮಿನಿಂದ ತಂದ ದಿನವೇ ‘ಟನ್’ ದಾಟುವ ಬೈಕು ಸಿಗುವಾಗ ವಾರಗಟ್ಟಲೆ ಅರ ಹಿಡಿದು ಉಜ್ಜುವವರಾರು? ಡುಕಾಟಿ, ಮೋಟೊ ಗುಝಿ ಕಂಪನಿಗಳು ಈ ರೂಪವನ್ನು ಕಾರ್ಖಾನೆಗೆ ಎಳೆದುಕೊಂಡವು. ಹಾರ್ಲೆ ಡೇವಿಡ್‌ಸನ್ ಕೂಡ 1977ರಲ್ಲಿ ಅಪ್ಪಟ ಕಪ್ಪು ಬಣ್ಣದ ಎಕ್ಸ್‌ಎಲ್‌ಸಿಆರ್ ತಂದಿತು. ಹಾರ್ಲೆ ಕೊಳ್ಳುವವರಿಗೆ ಬಗ್ಗಿ ಓಡಿಸುವುದು ಬೇಡವಾಗಿತ್ತು, ಬಗ್ಗಿ ಓಡಿಸುವವರಿಗೆ ಹಾರ್ಲೆ ಬೇಡವಾಗಿತ್ತು. ಸುಮಾರು 3,100 ಬೈಕುಗಳಿಗೆ ಉತ್ಪಾದನೆ ನಿಂತಿತು.

ಮತ್ತೆ ಚಿಗುರಿದ್ದು ಬೇರೆ ಬೇರೆ ನೆಲಗಳಲ್ಲಿ. 1978ರಲ್ಲಿ ಯಮಹಾ ತಂದ ಎಸ್‌ಆರ್400 ಒಂದೇ ಸಿಲಿಂಡರಿನ, ಕಿಕ್ ಹೊಡೆದೇ ಸ್ಟಾರ್ಟ್ ಮಾಡಬೇಕಾದ ಸರಳ ಬೈಕು. ಜಪಾನಿನ ಗ್ಯಾರೇಜುಗಳು ಅದನ್ನು ಕಡೆದು ಕಡೆದು ಹೊಸ ರೂಪ ಕೊಟ್ಟವು. ಇಂಗ್ಲೆಂಡಿನಲ್ಲಿ ಮಾರ್ಕ್ ವಿಲ್ಸ್‌ಮೋರ್ 1994ರಲ್ಲಿ ಏಸ್ ಕೆಫೆಯ ಹಳೆಯ ಗಿರಾಕಿಗಳನ್ನು ಒಂದೆಡೆ ಸೇರಿಸಿದ. 2001ರಲ್ಲಿ ಕೆಫೆಯೇ ಮತ್ತೆ ತೆರೆಯಿತು. 2004ರಲ್ಲಿ ಟ್ರಯಂಫ್‌ನ ಥ್ರಕ್ಸ್‌ಟನ್ ಬಂತು. ಕೋಪನ್‌ಹೇಗನ್‌ನ ರೆಂಚ್‌ಮಂಕೀಸ್, ಸಿಡ್ನಿಯ ಡಿಯಸ್ ಎಕ್ಸ್ ಮಾಕಿನಾ ಥರದ ಗ್ಯಾರೇಜುಗಳ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಹೋಂಡಾ, ಯಮಹಾಗಳು. ಒಮ್ಮೆ ಕೆಫೆ ರೇಸರ್‌ನ ಕತೆ ಮುಗಿಸಿದ ಜಪಾನಿ ಬೈಕುಗಳೇ ಆಗ ಹಳತಾಗಿ, ಅಗ್ಗವಾಗಿ, ಕತ್ತರಿಸಲು ಒದಗಿದವು. ಈ ಅಲೆ ಹರಡಿದ್ದು ಮಾತ್ರ ಫೋಟೊಗಳ ಮೂಲಕ. ಅದರ ಗುರುತು ಬೈಕುಗಳ ಮೇಲೆ ಕಾಣುತ್ತದೆ: ಸೈಲೆನ್ಸರಿಗೆ ಸುತ್ತಿದ ಪಟ್ಟಿ, ಕಂದು ಚರ್ಮದ ಸೀಟು, ಟ್ರ್ಯಾಕ್ಟರನ್ನು ನೆನಪಿಸುವ ದಪ್ಪ ಕಚ್ಚಿನ ಟಯರು. ಕೊನೆಯದಂತೂ ಬಾಗಿ ತಿರುಗಲೆಂದೇ ಹುಟ್ಟಿದ ಬೈಕಿಗೆ ಮಾಡುವ ದ್ರೋಹ.

ಭಾರತದಲ್ಲಿ ಈ ಕಸುಬಿಗೆ ಸಿಕ್ಕ ಮೊದಲ ಸರಕು ರಾಯಲ್ ಎನ್‌ಫೀಲ್ಡ್‌ನ ಬುಲೆಟ್. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ 350 ಸಿಸಿ ಬುಲೆಟ್ಟಿಗೆ ಇದ್ದದ್ದು 18 ಅಶ್ವಶಕ್ತಿ. 160ರ ಮಾತು ಅದರ ಮುಂದೆ ಎತ್ತುವಂತಿಲ್ಲ. ಹಾಗಾಗಿ ಇಲ್ಲಿನ ಕೆಫೆ ರೇಸರ್ ಮೊದಲಿನಿಂದಲೂ ವೇಗಕ್ಕಿಂತ ಮೈಕಟ್ಟಿನ ವಿಷಯ. ಹಾಗೆಂದು ಕೆಲಸ ಸುಲಭವಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಫುಟ್‌ರೆಸ್ಟ್ ಹಿಂದಕ್ಕೆ ಒಯ್ದರೆ ಎರಡೂ ಬದಿಗೆ ಲೇತಿನಲ್ಲಿ ಸರಳು ಕಡೆಸಿ ಕೊಂಡಿ ಕೂಡಿಸಬೇಕು. ಕೊಂಡಿಯಲ್ಲಿ ಚೂರು ಸಡಿಲವಿದ್ದರೂ ಗೇರು ಕಚ್ಚುವುದಿಲ್ಲ. ಏರ್ ಫಿಲ್ಟರಿನ ಡಬ್ಬಿ ತೆಗೆದು ಶಂಕುವಿನಾಕಾರದ ಫಿಲ್ಟರ್ ಸಿಕ್ಕಿಸಿದ ಕೂಡಲೇ ಗಾಳಿ ಹೆಚ್ಚಿ ಪೆಟ್ರೋಲು ಸಾಲದಾಗುತ್ತದೆ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡುತ್ತಾನೆ: ತುದಿ ಬಿಳಿಚಿಕೊಂಡಿದ್ದರೆ ಕಾರ್ಬೊರೇಟರಿನ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ಮತ್ತೆ ಓಡಿಸುತ್ತಾನೆ. ತುದಿ ಕಾಫಿ ಬಣ್ಣಕ್ಕೆ ಬರುವವರೆಗೂ ಇದೇ ಕೆಲಸ. ಇನ್ನು ಕ್ಲಿಪ್ ಆನ್ ಹ್ಯಾಂಡಲ್ ಪೂರ್ತಿ ತಿರುಗಿದರೆ ಟ್ಯಾಂಕಿಗೆ ಬಡಿಯುತ್ತದೆಂದು ತಡೆ ಕೊಟ್ಟಿರುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಯೂ ಟರ್ನ್ ಹೊಡೆಯುವಾಗ ಅದರ ಬೆಲೆ ತಿಳಿಯುತ್ತದೆ.

ಮೈಸೂರಿನ ಬೈಕಿನದು ಬೇರೆಯೇ ಪಾಡು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಬೆಂಗಳೂರಿನಲ್ಲಿ ಬಿಡಿಭಾಗ ಹುಡುಕುವವರು ಇಂದಿಗೂ ಎಡತಾಕುವ ಜೆ.ಸಿ. ರಸ್ತೆಗೂ ಅವರದೇ ಹೆಸರು. 1973ರಿಂದ ಯೆಜ್ಡಿ ಎನಿಸಿಕೊಂಡ ಈ ಬೈಕು 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಬಂತು. ಇದರಲ್ಲಿ ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಸ್ಟಾರ್ಟ್ ಆದ ಮೇಲೆ ಅದನ್ನೇ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಫುಟ್‌ರೆಸ್ಟ್ ಹಿಂದೆ ಸರಿಸಿದರೆ ಗೇರಿಗೆ ಕಾಲು ಎಟುಕದು, ಕೊಂಡಿ ಜೋಡಿಸಿದರೆ ಕಿಕ್ಕಿಗೆ ಅಡ್ಡ. ಅನೇಕರು ಕೈಮುಗಿದು ಫುಟ್‌ರೆಸ್ಟನ್ನು ಇದ್ದಲ್ಲೇ ಬಿಡುತ್ತಾರೆ. ಮೊದಲು ಕೇಳುವವರಿಲ್ಲದೆ ಗುಜರಿಗೆ ಹೋಗುತ್ತಿದ್ದ ಯೆಜ್ಡಿಗೆ ಈಗ ಪ್ರೇಮಿಗಳ ಸಂಘಗಳಿವೆ, ಜುಲೈಯ ಎರಡನೇ ಭಾನುವಾರ ಜಾವಾ ದಿನಾಚರಣೆಯೂ ಇದೆ. ಅಲ್ಲಿಗೆ ಚೇಸಿಸ್ ಕತ್ತರಿಸಿದ ಯೆಜ್ಡಿ ತಂದರೆ ಮೆಚ್ಚುವವರಷ್ಟೇ ಮುಖ ಸಿಂಡರಿಸುವವರೂ ಸಿಗುತ್ತಾರೆ. ಮುಖ ಸಿಂಡರಿಸುವವರ ಕಡೆ ನ್ಯಾಯವಿದೆ: ಮೂಲ ಟ್ಯಾಂಕು, ಮಡ್‌ಗಾರ್ಡು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ಕಾನೂನೂ ಅವರ ಕಡೆಗೇ ವಾಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಕರ್ಕಶ ಸೈಲೆನ್ಸರುಗಳನ್ನು ಪೊಲೀಸರು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ದೃಶ್ಯ ಕರ್ನಾಟಕದ ಪತ್ರಿಕೆ ಓದುಗರಿಗೆ ಹೊಸದಲ್ಲ. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರು ಕೊಡುತ್ತವೆ. ಚೇಸಿಸ್ಸಿಗೋ ಎಂಜಿನ್ನಿಗೋ ದೊಡ್ಡ ಬದಲಾವಣೆ ಮಾಡಿದ್ದರೆ ಆ ಬಾಗಿಲು ಮುಚ್ಚಿದಂತೆ. ಅರವತ್ತರ ದಶಕದ ಮೈಸೂರು ಜಾವಾವನ್ನು ಕತ್ತರಿಸುವವನು ಈ ಮಾನ್ಯತೆಯನ್ನೂ ಕತ್ತರಿಸುತ್ತಾನೆ.

ಷೋಕಿಯೂ ಬೇಕು, ಆರ್‌ಟಿಒ ತಕರಾರೂ ಬೇಡ ಎನ್ನುವವರಿಗೆ ಕಂಪನಿಯೇ ದಾರಿ ಮಾಡಿತು. ರಾಯಲ್ ಎನ್‌ಫೀಲ್ಡ್ 2013ರಲ್ಲಿ ಕಾಂಟಿನೆಂಟಲ್ ಜಿಟಿ ಹೆಸರನ್ನು ಮತ್ತೆ ತಂದಿತು. 535 ಸಿಸಿಯ ಆ ಬೈಕಿನ ಚೇಸಿಸ್ ರೂಪಿಸಿದ್ದು ಬ್ರಿಟನ್ನಿನ ಹ್ಯಾರಿಸ್ ಪರ್ಫಾರ್ಮೆನ್ಸ್. ಶಕ್ತಿ 30 ಅಶ್ವಶಕ್ತಿಯ ಆಚೀಚೆ, ‘ಟನ್’ ದೂರವೇ ಉಳಿಯಿತು. 2018ರಲ್ಲಿ ಬಂದ ಜೋಡಿ ಸಿಲಿಂಡರಿನ ಜಿಟಿ 650, 47 ಅಶ್ವಶಕ್ತಿಯೊಂದಿಗೆ 160ರ ಗೆರೆ ದಾಟಿತು. ಚೆನ್ನೈಯ ಕಾರ್ಖಾನೆಯಿಂದ ಬಂದ ಬೈಕು ಏಸ್ ಕೆಫೆಯ ಪರೀಕ್ಷೆ ಪಾಸು ಮಾಡಲು ಅರ್ಧ ಶತಮಾನ ಹಿಡಿಯಿತು.

ಬೆಂಗಳೂರಿನ ಬುಲೆಟಿಯರ್ ಕಸ್ಟಮ್ಸ್, ಜೈಪುರದ ರಾಜಪುತಾನಾ ಕಸ್ಟಮ್ಸ್ ಥರದ ಹೆಸರಾಂತ ಗ್ಯಾರೇಜುಗಳ ಮಟ್ಟಕ್ಕೆ ದುಡ್ಡು ಹೊಂದದ ಹುಡುಗರು ಈಗ ಬೇರೆಡೆ ಕಣ್ಣು ಹಾಯಿಸಿದ್ದಾರೆ. ಹಳೆಯ ಬುಲೆಟ್, ಯೆಜ್ಡಿ, ಯಮಹಾ ಆರ್‌ಎಕ್ಸ್100 ಮೂರೂ ಕೈಗೆಟುಕದಷ್ಟು ದುಬಾರಿಯಾಗಿವೆ. ಅಗ್ಗಕ್ಕೆ ಸಿಗುವುದು 1999ರ ಸಿಬಿಝೆಡ್, 2001ರಿಂದ ಬಂದ ಪಲ್ಸರ್‌ಗಳ ಮೊದಲ ತಲೆಮಾರು. ಸಂಗ್ರಾಹಕರು ಇವನ್ನು ಇನ್ನೂ ಮೂಸಿ ನೋಡಿಲ್ಲ, ಬಿಡಿಭಾಗಗಳು ಹೋಬಳಿ ಊರಿನ ಅಂಗಡಿಯಲ್ಲೂ ಸಿಗುತ್ತವೆ. ತೊಡಕು ಒಂದೇ: ನೋಂದಣಿಯ ಮೊದಲ 15 ವರ್ಷ ಇವುಗಳಿಗೆ ಮುಗಿದಿದೆ, ಇನ್ನು ಐದೈದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಿ ನವೀಕರಿಸಬೇಕು. ಅದಕ್ಕೇ ಬುದ್ಧಿವಂತ ಮೆಕ್ಯಾನಿಕ್ಕುಗಳು ಚೇಸಿಸ್ಸಿಗೆ ಗರಗಸ ಹಾಕದೆ ಬೋಲ್ಟಿನಲ್ಲೇ ನಿಲ್ಲುವ ಸೀಟು, ಹ್ಯಾಂಡಲ್ ಮಾಡಿಕೊಡುತ್ತಿದ್ದಾರೆ; ಬಿಚ್ಚಿದ ಮೂಲ ಸಾಮಾನನ್ನು ಚೀಲಕ್ಕೆ ತುಂಬಿ, ಮುಂದಿನ ನವೀಕರಣಕ್ಕೆ ಬೇಕಾಗುತ್ತದೆ ಎಂದು ಹೇಳಿ ಗಿರಾಕಿಯ ಕೈಗೇ ಒಪ್ಪಿಸುತ್ತಾರೆ.