ನಮ್ಮ ಪಿಕಪ್ಪಿಗೂ ಸ್ಯಾಂಕಿ ಕೆರೆಗೂ ಏನು ನಂಟು?

ಕಳೆದ ದೀಪಾವಳಿಗೆ ಬಿಸಿಬೇಳೆಬಾತಿನ ಪಾತ್ರೆಗಳನ್ನು ಹೊತ್ತು ಹೊರಟ ನಮ್ಮ ಪಿಕಪ್, ವೆಂಬ್ಲಿಯ ಹ್ಯಾರೋ ರಸ್ತೆಯಲ್ಲಿ ಎರಡನೆಯ ಗೇರಿನಿಂದ ಮೇಲಕ್ಕೆ ಹೋಗಲೊಲ್ಲೆನೆಂದು ಹಠ ಹಿಡಿಯಿತು. ಊಟ ತಡವಾದುದನ್ನು ಸದಸ್ಯರು ಮರೆತಿರಲಾರರು! ಒಂದು ಗ್ಯಾರೇಜಿನವರು ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದರು. ಇನ್ನೊಬ್ಬರು ಪರೀಕ್ಷಿಸಿ, ಎರಡು ಸೊಲೆನಾಯ್ಡುಗಳನ್ನು ಮಾತ್ರ ಬದಲಿಸಿದರು. ಹೆಬ್ಬೆರಳಿನಷ್ಟಿರುವ ಈ ವಸ್ತುವಿನ ಚರಿತ್ರೆಯನ್ನು ಹುಡುಕುತ್ತಾ ನಾವು ತಲುಪಿದ್ದು ದಕ್ಷಿಣ ಲಂಡನ್ನಿನ ಆಡಿಸ್ಕೂಂಬಿಗೆ.

ಸೊಲೆನಾಯ್ಡ್ ಎಂದರೆ ತಾಮ್ರದ ತಂತಿಯ ಸುರುಳಿ. ನಡುವೆ ಕಬ್ಬಿಣದ ಸಣ್ಣ ಸರಳು. ವಿದ್ಯುತ್ ಹರಿದಾಗ ಸರಳು ಸರಿದು ಎಣ್ಣೆಯ ದಾರಿಯನ್ನು ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಆ ಎಣ್ಣೆಯ ಒತ್ತಡವೇ ಗೇರನ್ನು ಬದಲಿಸುತ್ತದೆ. ಈ ಹೆಸರನ್ನಿಟ್ಟವರು ಫ್ರಾನ್ಸಿನ ಆಂಪೇರ್. ಕಬ್ಬಿಣಕ್ಕೆ ತಂತಿ ಸುತ್ತಿ 1825ರಲ್ಲಿ ವಿದ್ಯುತ್ಕಾಂತವನ್ನು ತೋರಿಸಿದವರು ವಿಲಿಯಂ ಸ್ಟರ್ಜನ್. ಬೂಟು ಹೊಲಿಯುವ ಕಸುಬು ಕಲಿತು, ಸೈನ್ಯ ಸೇರಿ, ಸ್ವಂತ ಓದಿನಿಂದಲೇ ಮೇಲೆ ಬಂದ ಅವರು ಆಗ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೂಂಬ್ ಸೈನಿಕ ಶಾಲೆಯಲ್ಲಿ ಉಪನ್ಯಾಸಕರು. ಅವರ 7 ಔನ್ಸ್ ತೂಕದ ಲಾಳ 9 ಪೌಂಡ್ ಭಾರವನ್ನೆತ್ತಿತು. ಸ್ಟರ್ಜನ್ ಅಲ್ಲಿಂದ ಹೊರಟ ಮೇಲೆ, 1845ರಲ್ಲಿ ಅದೇ ಶಾಲೆಗೆ ಸೇರಿದ ಹುಡುಗ ರಿಚರ್ಡ್ ಸ್ಯಾಂಕಿ. ಬೆಂಗಳೂರಿಗೆ 1882ರಲ್ಲಿ ಸ್ಯಾಂಕಿ ಕೆರೆಯನ್ನು ಕೊಟ್ಟವರು ಇವರೇ.

ಆಟೋಮ್ಯಾಟಿಕ್ ಗೇರ್ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 1939ರಿಂದ ಮಾರಾಟಕ್ಕೆ ಬಂದಾಗ ಎಲ್ಲವನ್ನೂ ಎಣ್ಣೆಯ ಒತ್ತಡವೇ ನಿರ್ಧರಿಸುತ್ತಿತ್ತು. ನಮ್ಮ ನೆರೆಯ ಸೌತ್‌ಹಾಲ್ ಮತ್ತು ಪಾರ್ಕ್ ರಾಯಲ್‌ನ ಕಾರ್ಖಾನೆಗಳಿಗೆ ಸೇರಿದ ರೂಟ್‌ಮಾಸ್ಟರ್ ಬಸ್ಸು 1954ರಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ಚಾಲಕರ ಕೈಯಡಿಯ ಪುಟ್ಟ ಹಿಡಿಯಿಂದ ವಿದ್ಯುತ್ತಿನ ಮೂಲಕ ಗೇರ್ ಬದಲಾಗುತ್ತಿತ್ತು. ಮೊದಲು ಬಂದ ನಮ್ಮ ಹಿರಿಯರು ಚಳಿಯಲ್ಲಿ ಕಾದು ಹತ್ತಿದ ಕೆಂಪು ಬಸ್ಸು ಅದೇ. 1980ರ ದಶಕದಿಂದ ಕಂಪ್ಯೂಟರ್ ಬಂದು, ಸೊಲೆನಾಯ್ಡುಗಳಿಗೆ ಅಪ್ಪಣೆ ಕೊಡುವ ಕೆಲಸವನ್ನು ವಹಿಸಿಕೊಂಡಿತು.

ಅವನ್ನು ಕೂರಿಸುವಾಗ ಬೇಕಾದುದು ಬಲಕ್ಕಿಂತ ಮಡಿ! ಎಣ್ಣೆ ಇಳಿಸಿ, ತಟ್ಟೆ ಬಿಚ್ಚಿ, ಧೂಳು ಸೋಕದಂತೆ ಹೊಸ ರಬ್ಬರ್ ಉಂಗುರದೊಡನೆ ಕೂರಿಸಿ, ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಬೇಕು. ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಗೇರ್‌ಬಾಕ್ಸ್ ಹೋಯಿತೆಂದು ಯಾರಾದರೂ ಹೇಳಿದರೆ, "ಸೊಲೆನಾಯ್ಡ್ ನೋಡಿದಿರಾ?" ಎಂದು ಒಮ್ಮೆ ಕೇಳಿ. ಯುಗಾದಿಯ ಊಟ ಹೊತ್ತಿಗೆ ಸರಿಯಾಗಿ ಬರುತ್ತದೆಂದು ನಂಬಿದ್ದೇವೆ.