ಕಲ್ಲಿನ ಗುಳ್ಳೆಯೊಳಗಿನ ವಿವಾದ

ವಿಜಾಪುರ, ಕಲಬುರಗಿಗಳ ಕಡೆ ಸಂಚರಿಸಿದವರು ಅಲ್ಲಿಯ ಕಪ್ಪುಕಲ್ಲಿನ ಮೈಮೇಲೆ ಬಿಳಿಯ ಬೊಟ್ಟುಗಳನ್ನು ಕಂಡಿರಬಹುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವೇ ಆರಿ ಆ ಕಲ್ಲಾಯಿತು. ರಸದಲ್ಲಿ ಅಡಗಿದ್ದ ನೀರಾವಿ ಮೊದಲಾದ ಅನಿಲಗಳು, ಮೇಲಣ ಒತ್ತಡವು ತಗ್ಗಿದೊಡನೆ, ಗುಳ್ಳೆಗಳಾಗಿ ಎದ್ದುವು. ಅವು ಹೊರಬೀಳುವ ಮೊದಲೇ ರಸವು ಗಟ್ಟಿಯಾಗಲು, ಗುಳ್ಳೆಯಿದ್ದ ಎಡೆಯಲ್ಲಿ ಪೊಟರೆಯುಳಿಯಿತು. ಬಳಿಕ ಖನಿಜವು ಅದರಲ್ಲಿ ತುಂಬಿಕೊಂಡರೆ ಬಾದಾಮಿಯ ಬೀಜದಂತೆ ಕಾಣುವುದೆಂದು ಪಾಶ್ಚಾತ್ಯರು ಗ್ರೀಕ್ ಭಾಷೆಯಲ್ಲಿ ಅದಕ್ಕೆ ಆ ಹೆಸರನ್ನೇ ಇಟ್ಟರು. ನಮ್ಮ ಬಾದಾಮಿಯ ಬಂಡೆಯಾದರೋ ಮರಳುಗಲ್ಲು. ಅದಕ್ಕೂ ಇದಕ್ಕೂ ನಂಟಿಲ್ಲ.

ಈ ಬೀಜವು ಪೊಟರೆಯನ್ನು ಹೊಕ್ಕ ಬಗೆ ಯಾವುದು? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಪಂಡಿತರು ಇದಕ್ಕಾಗಿ ಕಾದಾಡಿದರೆಂದರೆ ಅತಿಶಯವಲ್ಲ. ಕಪ್ಪುಕಲ್ಲು ಸಮುದ್ರದ ನೀರಿನಿಂದ ತಳಕ್ಕಿಳಿದುದೆಂದು ಜರ್ಮನಿಯ ವರ್ನರನ ಮತ. ಬೆಂಕಿಯಿಂದ ಹುಟ್ಟಿದುದೆಂದು ಎಡಿನ್‌ಬರೋದ ಜೇಮ್ಸ್ ಹಟ್ಟನನ ಮತ. ವರ್ನರನ ಪಕ್ಷದವರು ಪೊಟರೆಯ ಸುಣ್ಣದ ಹರಳನ್ನೇ ಸಾಕ್ಷಿಗೆ ಕರೆದರು. ಕಾಯಿಸಿದ ಸುಣ್ಣಕಲ್ಲು ಅಂಗಾರಾಮ್ಲ ವಾಯುವನ್ನು ಕಳೆದುಕೊಂಡು ಸುಟ್ಟ ಸುಣ್ಣವಾಗುವುದಷ್ಟೆ. ಕರಗಿದ ಕಲ್ಲಿನಲ್ಲಿ ಅದು ಹರಳಾಗಿ ನಿಂತೀತೇ? ಆಳದ ಒತ್ತಡವು ವಾಯುವನ್ನು ಹೊರಬಿಡದೆಂದು ಹಟ್ಟನನ ಉತ್ತರ. ಇದಲ್ಲದೆ, ಅಕೀಕಿನ ಗುಂಡುಗಳಿಗೆ ನೀರು ಒಳನುಗ್ಗುವ ದ್ವಾರವೇ ಕಾಣದಾದುದರಿಂದ, ಅವೂ ಕರಗಿದ ದ್ರವ್ಯವೇ ಗಟ್ಟಿಯಾದುವೆಂದು ಅವನು ವಾದಿಸಿದನು.

ಅವನ ಮಿತ್ರ ಸರ್ ಜೇಮ್ಸ್ ಹಾಲನು ಇದನ್ನು ಪರೀಕ್ಷಿಸಬಯಸಿದನು. ಭೂಮಿಯ ಕಾರ್ಯವನ್ನು ಕುಲುಮೆಯಲ್ಲಿ ಅಳೆಯುವುದು ಹಟ್ಟನನಿಗೆ ಒಪ್ಪಿಗೆಯಿರಲಿಲ್ಲ. ಹಿರಿಯನ ಮೇಲಣ ಗೌರವದಿಂದ, 1797ರಲ್ಲಿ ಅವನು ತೀರಿಕೊಳ್ಳುವವರೆಗೆ ಹಾಲನು ತಡೆದುಕೊಂಡನು. ಆಮೇಲೆ ಬಂದೂಕಿನ ನಳಿಗೆಗಳಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಬಿಗಿಯಾಗಿ ಮುಚ್ಚಿ ಕಾಯಿಸಿದನು. ವಾಯುವು ಸೆರೆಯಲ್ಲಿಯೇ ಉಳಿದು, ಪುಡಿಯು ಗಟ್ಟಿಯಾದ ಕಲ್ಲಾಯಿತು. 1805ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಇದನ್ನು ಓದಿದನು.

ಪರೀಕ್ಷೆಯು ಸರಿ, ಬೀಜದ ವಿಷಯದಲ್ಲಿ ಮಾತ್ರ ಹಟ್ಟನನ ಎಣಿಕೆ ತಪ್ಪಾಗಿತ್ತು. ಸುಳಿವು ಮೊದಲೇ ಇದ್ದಿತು. ಸ್ವೀಡನ್ನಿನ ಕ್ರೋನ್‌ಸ್ಟೆಟ್ಟನು 1756ರಲ್ಲಿ ಇಂತಹ ಒಂದು ಖನಿಜವನ್ನು ಉರಿಗೆ ಹಿಡಿಯಲು ಅದು ನೊರೆಗಟ್ಟಿ ಕುದಿಯಿತು. ಅದಕ್ಕೆ 'ಜಿಯೋಲೈಟ್', ಎಂದರೆ ಕುದಿಯುವ ಕಲ್ಲು, ಎಂದು ಹೆಸರಿಟ್ಟನು. ಕುದಿದುದು ಹರಳಿನೊಳಗಿನ ನೀರು. ಆರಿದ ಕಲ್ಲಿನ ಸೂಕ್ಷ್ಮ ರಂಧ್ರ, ಬಿರುಕುಗಳಲ್ಲಿ ಜಿನುಗಿದ ಬಿಸಿನೀರೇ ಖನಿಜವನ್ನು ಗೋಡೆಯಿಂದ ಒಳಮುಖವಾಗಿ ಲೇಪಿಸುತ್ತ ಹೋಗುವುದು. ಎಷ್ಟೋ ಪೊಟರೆಗಳ ನಡುವು ಇನ್ನೂ ಬರಿದಾಗಿರುವುದು ಇದರಿಂದಲೇ.

1960ರಲ್ಲಿ ಜಾರ್ಜ್ ವಾಕರನು ಪೂರ್ವ ಐಸ್‌ಲೆಂಡಿನ ಬೆಟ್ಟಗಳಿಂದ ಇನ್ನೊಂದು ಪ್ರಮಾಣವನ್ನು ತಂದನು. ಅಲ್ಲಿ ಲಾವಾದ ಪದರಗಳು ಓರೆಯಾಗಿ ಬಾಗಿವೆ; ಜಿಯೋಲೈಟುಗಳ ವಲಯಗಳಾದರೋ ಹೆಚ್ಚುಕಡಿಮೆ ಸಮತಲದಲ್ಲಿ ಆ ಪದರಗಳನ್ನು ಅಡ್ಡಹಾಯ್ದಿವೆ. ಪದರಗಳೆಲ್ಲ ಪೇರಿಕೊಂಡ ಬಳಿಕ ಪೊಟರೆಗಳು ತುಂಬಿದುವೆಂಬುದಕ್ಕೆ ನಾವು ಇನ್ನಾವ ಸಾಕ್ಷಿಯನ್ನು ಕೇಳೋಣ?