ಕೊರಳು ಕಡಿಸಿಕೊಂಡ ಹಾಡುಗಾರ

ಸಾವಿರಾರು ಜನರೆದುರಿಗೆ ತಲೆ ಕಡಿಸಿಕೊಂಡು, ಕೆಲವೇ ನಿಮಿಷಗಳಲ್ಲಿ ಬಿಳಿಯ ಉಡುಪು ಧರಿಸಿ ಮರಳಿ ಬಂದು ಹಾಡುವವನನ್ನು ಏನೆಂದು ಕರೆಯಬೇಕು? ಗಾಯಕನೆಂದೇ, ನಟನೆಂದೇ, ಗಾರುಡಿಗನೆಂದೇ? ಅಮೆರಿಕದ ಆಲಿಸ್ ಕೂಪರನ ವಿಷಯದಲ್ಲಿ ರಸಿಕರಿಗೆ ಇಂದಿಗೂ ಒಮ್ಮತವಿಲ್ಲ.

ಈತನ ಹುಟ್ಟುಹೆಸರು ವಿನ್ಸೆಂಟ್ ಫರ್ನಿಯರ್. 1948ರಲ್ಲಿ ಡೆಟ್ರಾಯಿಟಿನಲ್ಲಿ, ಧರ್ಮೋಪದೇಶಕರೊಬ್ಬರ ಮಗನಾಗಿ ಹುಟ್ಟಿದನು. ಕುಟುಂಬವು ಅರಿಜೋನಾದ ಫೀನಿಕ್ಸಿಗೆ ಬಂದು ನೆಲೆಸಿತು. ಅಲ್ಲಿಯ ಶಾಲೆಯಲ್ಲಿ ಗ್ಲೆನ್ ಬಕ್ಸ್‌ಟನ್, ಡೆನ್ನಿಸ್ ಡನವೇ ಮೊದಲಾದ ಗೆಳೆಯರೊಡನೆ ವಾದ್ಯತಂಡ ಕಟ್ಟಿದನು. ಮೈಕೆಲ್ ಬ್ರೂಸ್, ನೀಲ್ ಸ್ಮಿತ್ ಅನಂತರ ಬಂದು ಸೇರಿದರು. 1968ರಲ್ಲಿ ಈ ಐವರು ಗಂಡಸರು ತಮ್ಮ ತಂಡಕ್ಕಿಟ್ಟ ಹೆಣ್ಣುಹೆಸರೇ ಆಲಿಸ್ ಕೂಪರ್. ಅದು ಮೊದಲು ತಂಡದ ಹೆಸರಾಗಿತ್ತು, ಒಬ್ಬನದಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಕುಖ್ಯಾತಿ ಬಂದುದು ಒಂದು ಕೋಳಿಯಿಂದ. 1969ರಲ್ಲಿ ಟೊರಾಂಟೋ ನಗರದ ಉತ್ಸವವೊಂದರಲ್ಲಿ ಜೀವಂತ ಕೋಳಿಯೊಂದು ರಂಗದ ಮೇಲೆ ಬಂದಿತು. ಹಾರಿ ಹೋದೀತೆಂದು ಈತ ಅದನ್ನು ಸಭೆಯ ಕಡೆಗೆ ಎಸೆದನಂತೆ. ಜನ ಅದನ್ನು ಹರಿದುಹಾಕಿದರು. ಮಾರನೆಯ ದಿನ ಹಬ್ಬಿದ ಸುದ್ದಿಯೇ ಬೇರೆ: ಕೋಳಿಯ ತಲೆ ಕಚ್ಚಿ ರಕ್ತ ಕುಡಿದ ಗಾಯಕ! ಆಗ ತಂಡಕ್ಕೆ ಆಶ್ರಯವಿತ್ತಿದ್ದ ಸಂಗೀತಗಾರ ಫ್ರಾಂಕ್ ಜಪ್ಪಾ, ಆ ಸುದ್ದಿಯನ್ನು ಅಲ್ಲಗಳೆಯಬೇಡವೆಂದು ಸಲಹೆ ಕೊಟ್ಟನೆಂದು ಕೂಪರನೇ ಹೇಳಿಕೊಂಡಿದ್ದಾನೆ. ಈ ವೃತ್ತಿಯ ಗುಟ್ಟೆಲ್ಲ ಆ ಸಲಹೆಯಲ್ಲಿದೆ.

ಆದರೆ ಬರಿಯ ಅಪವಾದದಿಂದ ಹಾಡು ನಿಲ್ಲದು. ಹಾಡನ್ನು ನಿಲ್ಲಿಸಿದವನು ಬಾಬ್ ಎಜ್ರಿನ್ ಎಂಬ ತರುಣ ನಿರ್ಮಾಪಕ. ಎಲ್ಲೆಲ್ಲಿಗೋ ಹರಿಯುತ್ತಿದ್ದ ಉದ್ದನೆಯ ವಾದನವನ್ನು ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿದ. ಹೀಗೆ ಹುಟ್ಟಿದ 'ಐಯಾಮ್ ಏಯ್ಟೀನ್' 1971ರಲ್ಲಿ ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ 21ನೆಯ ಸ್ಥಾನಕ್ಕೇರಿತು. ಹುಡುಗನೂ ಅಲ್ಲದ, ಗಂಡಸೂ ಅಲ್ಲದ ವಯಸ್ಸಿನ ತಳಮಳವೇ ಅದರ ವಸ್ತು. ನನಗೆ ಈತನ ಹಾಡುಗಳಲ್ಲೆಲ್ಲ ಇದೇ ಮೇಲಾದುದು. ಮರುವರ್ಷದ 'ಸ್ಕೂಲ್ಸ್ ಔಟ್' ಶಾಲೆಯ ಕೊನೆಯ ಗಂಟೆಯ ಉಲ್ಲಾಸವನ್ನು ಹಿಡಿದಿಟ್ಟು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನ ಗಳಿಸಿತು. ಅದನ್ನು ಬಿ.ಬಿ.ಸಿ. ಪ್ರಸಾರ ಮಾಡಕೂಡದೆಂದು ಮೇರಿ ವೈಟ್‌ಹೌಸ್ ಎಂಬ ಮಹಿಳೆ ಚಳವಳಿ ಹೂಡಿದರು. ಪ್ರಚಾರ ಬಿಟ್ಟಿಯಾಗಿ ದೊರೆಯಿತೆಂದು ಆಕೆಗೆ ಹೂಗುಚ್ಛ ಕಳುಹಿಸಿದರು!

1973ರಲ್ಲಿ 'ಬಿಲಿಯನ್ ಡಾಲರ್ ಬೇಬೀಸ್' ಎರಡೂ ದೇಶಗಳಲ್ಲಿ ಅಗ್ರಸ್ಥಾನಕ್ಕೇರಿತು. ಅದರ ಪ್ರವಾಸದಲ್ಲಿಯೇ ಶಿರಚ್ಛೇದದ ಯಂತ್ರ ರಂಗಕ್ಕೆ ಬಂದುದು. ಜೇಮ್ಸ್ ರ್‍ಯಾಂಡಿ ಎಂಬ ಹೆಸರಾಂತ ಐಂದ್ರಜಾಲಿಕನೇ ಕೊಲೆಗಡುಕನ ವೇಷ ಹಾಕಿದ. ರಂಗದ ಮೇಲೆ ಮರಣವನ್ನು ತೋರಿಸಬಾರದೆಂದು ನಮ್ಮ ನಾಟ್ಯಶಾಸ್ತ್ರ ವಿಧಿಸುತ್ತದೆ. ಈತ ಅದನ್ನೇ ತೋರಿಸಿದ. ಆದರೂ ಕತೆಯ ಕಟ್ಟು ಹಳೆಯದೇ: ದುಷ್ಟನು ಮೆರೆಯುತ್ತಾನೆ, ದಂಡನೆಗೆ ಗುರಿಯಾಗುತ್ತಾನೆ. ಧರ್ಮೋಪದೇಶಕರ ಮನೆಯ ಸಂಸ್ಕಾರ ಎಲ್ಲಿಗೆ ಹೋದೀತು?

ಅಲ್ಲಿಂದ ಮುಂದೆ ಬಿರುಕು. ಐವರ ಹೆಸರು ಒಬ್ಬನ ಪಾಲಾಯಿತು. 1975ರ 'ವೆಲ್ಕಮ್ ಟು ಮೈ ನೈಟ್‌ಮೇರ್' ಒಂಟಿ ಗಾಯಕನ ಕೃತಿ. ಹಾಡುಗಳ ರಚನೆಯಲ್ಲಿ ಬ್ರೂಸ್, ಡನವೇ ಮೊದಲಾದವರ ಪಾಲು ದೊಡ್ಡದು. ಲೋಕವೋ ಮುಖಕ್ಕೆ ಮಸಿ ಬಳಿದವನನ್ನೇ ನೋಡುತ್ತಿತ್ತು. ಆ ಮೇಲಿನ ವರ್ಷಗಳನ್ನು ಕುಡಿತ ತಿಂದಿತು. ಅದನ್ನು ಬಿಟ್ಟು ಚೇತರಿಸಿಕೊಂಡ ಮೇಲೆ, 1989ರಲ್ಲಿ, 'ಪಾಯ್ಸನ್' ಮತ್ತೆ ಈತನನ್ನು ಮೇಲಕ್ಕೆತ್ತಿತು. ಹಾಡು ಅಚ್ಚುಕಟ್ಟು, ಹಳೆಯ ಒರಟುತನದ ಸೊಗಸು ಮಾತ್ರ ಅದರಲ್ಲಿಲ್ಲ.

ಬಕ್ಸ್‌ಟನ್ 1997ರಲ್ಲಿ ತೀರಿಕೊಂಡ. 2011ರಲ್ಲಿ ರಾಕ್ ಸಂಗೀತದ ಕೀರ್ತಿಭವನಕ್ಕೆ ಸೇರಿಸಿಕೊಂಡಾಗ ಗೌರವ ಸಂದುದು ಒಬ್ಬನಿಗಲ್ಲ, ಮೂಲ ತಂಡಕ್ಕೆ. 2025ರಲ್ಲಿ ಉಳಿದ ನಾಲ್ವರೂ ಕೂಡಿ ಹೊಸ ಧ್ವನಿಮುದ್ರಿಕೆ ಹೊರತಂದರು. ಬಕ್ಸ್‌ಟನ್ ಹಿಂದೆಂದೋ ನುಡಿಸಿಟ್ಟಿದ್ದ ಗಿಟಾರಿನ ತುಣುಕೊಂದು ಅದರ ಒಂದು ಹಾಡಿನಲ್ಲಿ ಕೇಳಿಸುತ್ತದೆ.